ಎಂಟು ಚಿಹ್ನೆಯ ಚೀಟಿ – ೭: ವಾರಿಜಕ್ಕನ ಕೊಸರು

“ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು,” ಎಂದು ಎಣಿಸಿ ಮುಗಿಸಿದ ವಾರಿಜಾ, ಯಾರೂ ಕೇಳದಿದ್ದರೂ ಇನ್ನೊಂದು ಬಂಗುಡೆಯನ್ನೆತ್ತಿ ಎದುರಿಗಿದ್ದ ಹೆಂಗಸಿನ ಪಾತ್ರೆಗೆ ಹಾಕಿದಳು.

ಜಗಲಿಯ ತುದಿಯಲ್ಲಿ ಕುಳಿತಿದ್ದ ಎ.ಎಸ್.ಐ. ಸರ್ವೋತ್ತಮ ಅದನ್ನು ನೋಡಿಯೂ ನೋಡದವನಂತಿದ್ದ. ಅವನು ಕಾಪುವಿಗೆ ಬಂದದ್ದು ಮೀನಿಗಲ್ಲ. ವಾರಿಜಾಳ ಮಗ ರೂಪೇಶನ ಹೇಳಿಕೆ ಬರೆದುಕೊಂಡು, ಸಹಿ ಹಾಕಿಸಿ, ಸಂಜೆ ಐದರೊಳಗೆ ಕಾರ್ಕಳದ ಠಾಣೆಗೆ ಮರಳಬೇಕಿತ್ತು. ಐದಕ್ಕೆ ಫೈಲು ಮುಚ್ಚುತ್ತದೆ. ಮುಚ್ಚಿದರೆ, ರೂಪೇಶನ ಗೆಳೆಯ ಜೋವಿನ್ ಎಂಬ ಇಪ್ಪತ್ತೆರಡರ ಹುಡುಗ ತಾನಾಗಿಯೇ ಕಲ್ಲುಕೋರೆಯ ನೀರಿಗೆ ಹಾರಿ ಸತ್ತ ಎಂಬುದೇ ಸರಕಾರದ ಮಾತಾಗಿ ಉಳಿಯುತ್ತದೆ.

“ಇನ್ನು ಐದು ನಿಮಿಷ ಸಾರ್,” ಎಂದಳು ವಾರಿಜಾ, ತಲೆಯೆತ್ತದೆ. “ಮಗ ಮೀಯ್ಲಿಕ್ಕೆ ಹೋಗಿದ್ದಾನೆ. ಬೆಳಿಗ್ಗೆ ಬೋಟಿನಿಂದ ಇಳಿದವ ಇಷ್ಟು ಹೊತ್ತು ಒಂದು ಮಾತು ಆಡಲಿಲ್ಲ. ಚಾ ಸಹ ಮುಟ್ಟಲಿಲ್ಲ.”

“ಆಗಲಿ ವಾರಿಜಕ್ಕ, ನನಗೆ ಅವಸರ ಇಲ್ಲ,” ಎಂದ ಸರ್ವೋತ್ತಮ. ಅದು ಸುಳ್ಳು. ಅವನಿಗೆ ಅವಸರವಿತ್ತು. ಆದರೆ ಆ ಅವಸರ ಮುಗಿದ ಮೇಲೆ ಹೋಗಬೇಕಾದ ಮನೆಯನ್ನು ನೆನೆದರೆ ಕಾಲು ಹಿಂದಕ್ಕೆ ಎಳೆಯುತ್ತಿತ್ತು.

ಬೆಳಿಗ್ಗೆಯಷ್ಟೇ ಜೋವಿನ್‌ನ ತಾಯಿ ಬರ್ತಾಬಾಯಿ ಕಾರ್ಕಳದಿಂದ ಫೋನ್ ಮಾಡಿದ್ದರು. ಅವರಿಗೆ ಕಿವಿ ಸ್ವಲ್ಪ ಮಂದ. ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರಿನಲ್ಲೇ ಮಾತಾಡುವ ಅಭ್ಯಾಸ. ಹಾಗಾಗಿ ಅವರ ಮಾತಿನ ಜೊತೆಗೆ ಫ್ಯಾನಿನ ಗರಗರ, ಕುಕ್ಕರಿನ ಸೀಟಿ, ಅಂಗಳದ ಕೋಳಿ ಎಲ್ಲವೂ ಕೇಳುತ್ತವೆ.

“ಸಾರ್, ಊರಿನವರು ಎಂತ ಬೇಕಾದರೂ ಹೇಳಲಿ. ನನಗೆ ಒಂದೇ ಗೊತ್ತಾಗಬೇಕು. ನನ್ನ ಮಗ ಅಷ್ಟು ಬೇಸರದಲ್ಲಿ ಇದ್ದನಾ? ಭಾನುವಾರ ಮನೆಗೆ ಬಂದವ ಎರಡು ಸಲ ಸಾರು ಹಾಕಿಸಿಕೊಂಡು ಉಂಡ. ಅವನ ಮುಖ ನೋಡಿಯೂ ನನಗೆ ಗೊತ್ತಾಗಲಿಲ್ಲ ಅಂತಾದರೆ ನಾನು ಎಂತಹ ತಾಯಿ ಸಾರ್?”

“ಸಂಜೆ ಬರ್ತೇನೆ ಬಾಯಿ,” ಎಂದಷ್ಟೇ ಹೇಳಿ ಫೋನ್ ಇಟ್ಟಿದ್ದ. ಹೋಗಿ ಏನು ಹೇಳುವುದು? ಚೀಟಿ ಇತ್ತಲ್ಲ!

ಚೀಟಿಯೆಂದರೆ ಕಾಗದದ ಚೀಟಿಯಲ್ಲ. ಜೋವಿನ್ ಸತ್ತ ಸಂಜೆ, ಮಣಿಪಾಲದ ಅವನ ಬಾಡಿಗೆ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದೇ ಇತ್ತು. ಪರದೆಯ ತುಂಬ ಅಕ್ಷರವೆಂಬುದೇ ಇಲ್ಲ. ಬರೀ ಕೂಡು ಚಿಹ್ನೆ, ಕಳೆ ಚಿಹ್ನೆ, ಬಾಣ, ಚುಕ್ಕಿ. ಎಂಟೇ ಎಂಟು ಚಿಹ್ನೆಗಳಲ್ಲಿ ಇಡೀ ಪ್ರೋಗ್ರಾಂ ಬರೆಯುವ ಒಂದು ಹುಚ್ಚು ಭಾಷೆ ಇದೆಯಂತೆ. ಅದರ ಇಂಗ್ಲಿಷ್ ಹೆಸರನ್ನು ದೊಡ್ಡವರ ಎದುರು ಹೇಳುವ ಹಾಗಿಲ್ಲವೆಂದು ಸರ್ವೋತ್ತಮನ ಮಗಳು ಆಶ್ರಿತಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದಳು.

ಆಶ್ರಿತಾ ಜೋವಿನ್‌ನ ಸಹಪಾಠಿ. ಸರಕಾರಿ ಪ್ರಯೋಗಾಲಯದ ವರದಿಗೆ ಎರಡು ತಿಂಗಳು ಕಾಯಬೇಕು ಎಂದಾದಾಗ, ಸರ್ವೋತ್ತಮ ಠಾಣೆಯಲ್ಲಿ ತೆಗೆದ ಪ್ರಿಂಟನ್ನು ಉಡುಪಿಯ ಮನೆಗೆ ಒಯ್ದಿದ್ದ. ಫೈಲನ್ನೂ ಅವಳ ಫೋನಿಗೆ ಕಳುಹಿಸಿದ್ದ. ನಿಯಮದ ಪುಸ್ತಕ ತೆರೆದರೆ ಅದು ತಪ್ಪು. ಆದರೆ ಮನೆಯಲ್ಲೇ ವೈದ್ಯರಿರುವಾಗ ಊರೆಲ್ಲ ಔಷಧಿ ಹುಡುಕುವವನು ಯಾರು? ಅವಳು ಊಟದ ಮೇಜಿನಲ್ಲೇ ಹತ್ತು ನಿಮಿಷದಲ್ಲಿ ಅದನ್ನು ಓಡಿಸಿ ತೋರಿಸಿದ್ದಳು. ಇಂಗ್ಲಿಷ್ ಅಕ್ಷರ, ಕನ್ನಡದ ಮಾತು: ‘ನನ್ನಿಂದ ತಪ್ಪಾಯಿತು. ಯಾರನ್ನೂ ದೂರಬೇಡಿ.’

“ಪಪ್ಪಾ, ಇದನ್ನು ಯಾರೂ ಕೈಯಲ್ಲಿ ಒತ್ತುತ್ತಾ ಕೂರುವುದಿಲ್ಲ,” ಎಂದು ವಿವರಿಸಿದ್ದಳು. “ಒಂದು ಅಕ್ಷರ ಬರಬೇಕಾದರೆ ಎಪ್ಪತ್ತೆಂಟು ಸಲ ಕೂಡು ಅಂತ ಬರೀಬೇಕು. ಯಾರಿಗೆ ಪುರುಸೊತ್ತು ಉಂಟು? ನಾವು ಚಿಕ್ಕದಾಗಿ ‘ಕೂಡು, ಎಪ್ಪತ್ತೆಂಟು ಸಲ’ ಅಂತ ಬರೀತೇವೆ. ಪ್ರಿಪ್ರೊಸೆಸರ್ ಅಂತ ಇನ್ನೊಂದು ಸಣ್ಣ ಪ್ರೋಗ್ರಾಂ ಅದನ್ನು ಬಿಡಿಸಿ ಎಪ್ಪತ್ತೆಂಟು ಚಿಹ್ನೆ ಮಾಡಿ ಕೊಡ್ತದೆ. ಮಾರ್ಕೆಟಿನಲ್ಲಿ ಮೀನು ಕೊಯ್ದು ಕೊಡುವವಳು ಇರ್ತಾಳೆ ಅಲ್ವಾ, ಹಾಗೆ. ಅಡುಗೆಮನೆಗೆ ಬರುವಾಗ ಎಲ್ಲ ತುಂಡಾಗಿಯೇ ಬರ್ತದೆ.”

ಜೋವಿನ್ ಬರೆದ ಪ್ರಿಪ್ರೊಸೆಸರ್ ನಲವತ್ತೇ ಸಾಲಿನದು, ಕಾಲೇಜಿನಲ್ಲೆಲ್ಲ ಅದರ ಸುದ್ದಿ ಎಂದೂ ಅವಳೇ ಹೇಳಿದ್ದಳು. ಆದರೆ ಲ್ಯಾಪ್‌ಟಾಪಿನಲ್ಲಿ ಅದು ಸಿಗಲಿಲ್ಲ. ಇಡೀ ಫೋಲ್ಡರೇ ಮಾಯ. “ಸಾಯುವ ಮುಂಚೆ ಅವನೇ ಅಳಿಸಿರಬೇಕು ಪಪ್ಪಾ,” ಎಂದು ಕಣ್ಣೊರೆಸಿಕೊಂಡಿದ್ದಳು. ಮರುದಿನ ಚೀಟಿಯ ಹೊಸ ಪ್ರಿಂಟೊಂದನ್ನು ತಂದುಕೊಟ್ಟಿದ್ದಳು. “ನಿಮ್ಮ ಠಾಣೆಯ ಪ್ರಿಂಟರ್ ಮಸಿ ಕಾರಿದೆ. ಇದು ಚೊಕ್ಕ ಉಂಟು, ಇದನ್ನೇ ಫೈಲಿಗೆ ಹಾಕಿ. ಅದನ್ನು ಎಸೆದುಬಿಡಿ.”

ಫೈಲಿಗೆ ಚೊಕ್ಕದ್ದೇ ಹೋಯಿತು. ಆದರೆ ಎಸೆಯುವುದು? ಬೆನ್ನು ಖಾಲಿ ಇರುವ ಕಾಗದವನ್ನು ಎಸೆಯುವುದು ಸರ್ವೋತ್ತಮನ ಜಾಯಮಾನದಲ್ಲೇ ಇಲ್ಲ. ಮಸಿ ಕಾರಿದ ಹಾಳೆಗಳು ಕಚ್ಚಾ ಬರೆಯಲು ಆಗುತ್ತವೆಂದು ಬ್ಯಾಗಿನಲ್ಲೇ ಉಳಿದಿದ್ದವು.

ಇನ್ನೊಬ್ಬಳು ಹೆಂಗಸು ಬಂದಳು. ಹತ್ತು ಬಂಗುಡೆ ಕೇಳಿದಳು. ವಾರಿಜಾಳ ಕೈ ಹತ್ತು ಎಣಿಸಿತು, ಅರೆಕ್ಷಣವೂ ನಿಲ್ಲದೆ ಹನ್ನೊಂದನೆಯದನ್ನು ಹಾಕಿತು.

“ವಾರಿಜಕ್ಕ, ಅದೆಂತ ಒಂದು ಹೆಚ್ಚು?”

“ಕೊಸರು ಸಾರ್!” ಎಂದು ಅವಳು ಮೊದಲ ಸಲ ತಲೆಯೆತ್ತಿದಳು. “ಕೊಸರು ಹಾಕದೆ ಮೀನು ಕೊಟ್ಟರೆ ನಾಳೆ ಬಲೆಗೆ ಎಂತ ಬೀಳ್ತದೆ? ನನ್ನ ಕೈಗೆ ಹತ್ತು ಅಂದ್ರೆ ಹನ್ನೊಂದೇ. ನನ್ನ ಅಮ್ಮನದೂ ಹಾಗೆಯೇ. ರೂಪೇಶನದೂ ಅದೇ ಕೈ. ಸಣ್ಣದಿರುವಾಗ ಟೀಚರು ಇಪ್ಪತ್ತು ಕಡ್ಡಿ ತಾ ಅಂದ್ರೆ ಇಪ್ಪತ್ತೊಂದು ಕೊಂಡುಹೋಗಿ ಬೈಸಿಕೊಳ್ತಿದ್ದ.”

ಸರ್ವೋತ್ತಮ ನಕ್ಕ. ನಗುತ್ತಲೇ, ಹೇಳಿಕೆಯ ತಲೆಬರಹವನ್ನಾದರೂ ಬರೆದಿಡೋಣವೆಂದು ಬ್ಯಾಗಿನಿಂದ ಮಸಿ ಕಾರಿದ ಹಾಳೆಗಳನ್ನು ಎಳೆದ. ಫೈಲಿನ ಚೊಕ್ಕ ಪ್ರಿಂಟಿನ ಜೆರಾಕ್ಸೂ ಅದರ ಜೊತೆಗೇ ಬಂತು. ಎರಡೂ ಮಡಿಲಲ್ಲಿ ಅಕ್ಕಪಕ್ಕ ಬಿದ್ದವು.

ಒಂದು ಸಂಗತಿಯನ್ನು ಅವನು ಮೊನ್ನೆಯೇ ಗಮನಿಸಿದ್ದ. ಮಸಿಯ ಪ್ರಿಂಟು ಚೊಕ್ಕ ಪ್ರಿಂಟಿಗಿಂತ ಒಂದೂವರೆ ಸಾಲು ಉದ್ದವಿತ್ತು. ಬೇರೆ ಪ್ರಿಂಟರ್, ಬೇರೆ ಅಂಚು ಎಂದುಕೊಂಡು ಸುಮ್ಮನಾಗಿದ್ದ. ಈಗ ನೋಡಿದರೆ ಎರಡರ ಅಂಚೂ ಒಂದೇ. ಒಂದು ಸಾಲಿಗೆ ಹಿಡಿಯುವ ಚಿಹ್ನೆಗಳೂ ಅಷ್ಟೇ.

ಪೆನ್ಸಿಲ್ ತೆಗೆದ. ಕಂಪ್ಯೂಟರಿನ ಗಂಧಗಾಳಿ ಅವನಿಗಿಲ್ಲ, ಎಣಿಸಲು ಬರುತ್ತದೆ. ಮೊದಲ ಅಕ್ಷರ ‘ಎನ್’. ಅದರ ನಂಬರು ಎಪ್ಪತ್ತೆಂಟೆಂದು ಆಶ್ರಿತಾ ಪಟ್ಟಿ ಬರೆದುಕೊಟ್ಟಿದ್ದಳು. ಐದೈದಕ್ಕೆ ಒಂದು ಗೆರೆ ಎಳೆಯುತ್ತ ಹೋದ. ಚೊಕ್ಕ ಪ್ರಿಂಟಿನಲ್ಲಿ ಎಪ್ಪತ್ತೆಂಟು ಕೂಡು, ಆಮೇಲೆ ಚುಕ್ಕಿ. ಸರಿಯಾಗಿದೆ.

ಮಸಿಯ ಪ್ರಿಂಟಿನಲ್ಲಿ ಎಪ್ಪತ್ತೊಂಬತ್ತು ಕೂಡು, ಒಂದು ಕಳೆ, ಆಮೇಲೆ ಚುಕ್ಕಿ.

ಕಣ್ಣು ತಪ್ಪಿರಬೇಕೆಂದು ಮತ್ತೆ ಎಣಿಸಿದ. ಎಪ್ಪತ್ತೊಂಬತ್ತೇ. ಎರಡನೆಯ ಅಕ್ಷರ ‘ಎ’, ಅರವತ್ತೈದು. ಚೊಕ್ಕದ್ದರಲ್ಲಿ ಅರವತ್ತೈದೇ ಇತ್ತು. ಮಸಿಯದ್ದರಲ್ಲಿ ಅರವತ್ತಾರು, ಒಂದು ಕಳೆ. ಮೂರನೆಯದು, ನಾಲ್ಕನೆಯದು, ಐದನೆಯದು... ಪ್ರತಿ ಅಕ್ಷರಕ್ಕೂ ಒಂದು ಹೆಚ್ಚು ಹಾಕಿ ಒಂದನ್ನು ಹಿಂದಕ್ಕೆ ತೆಗೆದಿದೆ. ಫಲ ಒಂದೇ, ಹಾಗಾಗಿ ಓಡಿಸಿದಾಗ ಯಾರಿಗೂ ವ್ಯತ್ಯಾಸ ಕಾಣುವುದಿಲ್ಲ.

ಹಾಗಾದರೆ ಮಗಳ ಪ್ರಿಂಟಿನಲ್ಲಿ ಅದೇಕೆ ಇಲ್ಲ? ಓದುವ ಅಪ್ಪನಿಗೆ ಸುಲಭವಾಗಲೆಂದು ಬೇಡದ್ದನ್ನು ತೆಗೆದಿರಬೇಕು. ಅಚ್ಚುಕಟ್ಟಿನ ಹುಡುಗಿ. ಹೋದ ತಿಂಗಳು ಅವಳ ಪ್ರಾಜೆಕ್ಟಿಗೆ ಮೊದಲ ಬಹುಮಾನ ಬಂದಾಗ ಠಾಣೆಗೆಲ್ಲ ಲಡ್ಡು ಹಂಚಿದವನು ಅವನು. ಸರ್ವೋತ್ತಮ ಆ ಪ್ರಶ್ನೆಯನ್ನು ಅಲ್ಲಿಗೇ ಬದಿಗಿಟ್ಟು, ವಾರಿಜಾಳ ಕೈಯನ್ನೇ ನೋಡತೊಡಗಿದ. ಅವನಿಗೆ ಬೇಕಾದದ್ದು ಅಲ್ಲಿ ಸಿಕ್ಕಿತ್ತು.

ಒಳಗಿನಿಂದ ರೂಪೇಶ್ ಬಂದ. ಒದ್ದೆ ತಲೆ, ಬಿಸಿಲಿಗೆ ಸುಟ್ಟ ಮುಖ, ಅತ್ತು ಊದಿದ ಕಣ್ಣು. ಓದುವುದು ಮಣಿಪಾಲದಲ್ಲಾದರೂ ಸೆಮಿಸ್ಟರ್ ರಜೆ ಸಿಕ್ಕಿದರೆ ಸಾಕು, ಮಾವ ಧರ್ಮಪಾಲನ ಬೋಟಿಗೆ ಹತ್ತುವವನು. ಈ ಸಲ ಹದಿನಾಲ್ಕು ದಿನ ಆಳಸಮುದ್ರದಲ್ಲಿದ್ದ.

“ಮಲ್ಪೆ ಹತ್ತಿರವಾಗಿ ಸಿಗ್ನಲ್ ಬಂದಾಗ ಮೆಸೇಜುಗಳು ಒಟ್ಟಿಗೆ ಬಿದ್ದವು ಸಾರ್,” ಎಂದು ಅವನೇ ಶುರುಮಾಡಿದ. “ಮೊದಲನೆಯದು ಜೋವಿನ್‌ದೇ. ‘ಮೂವತ್ತೊಂಬತ್ತು ಸಾಲಿಗೆ ಇಳಿಸಿದೆ ಮಾರಾಯ, ಬಂದ ಕೂಡಲೆ ಫೋನ್ ಮಾಡು’ ಅಂತ. ಅದರ ಕೆಳಗಿನದ್ದು ಅವನು ಸತ್ತ ಸುದ್ದಿ.”

ಸರ್ವೋತ್ತಮ ಮಸಿಯ ಹಾಳೆಯನ್ನು ಅವನ ಮುಂದೆ ಹಿಡಿದ. “ಇದು ಯಾರ ಕೆಲಸ ಅಂತ ನೋಡಿ ಹೇಳು.”

ರೂಪೇಶ್ ಹಾಳೆಯನ್ನು ತೆಗೆದುಕೊಂಡು ಬೆಳಕಿಗೆ ತಿರುಗಿಸಿದ. ಬೆರಳು ಮೊದಲ ಸಾಲಿನ ಮೇಲೆ ಹರಿದು, ಕಳೆ ಚಿಹ್ನೆಯ ಹತ್ತಿರ ನಿಂತಿತು. ಮುಂದಿನ ಸಾಲಿಗೆ ಹೋಯಿತು, ಅಲ್ಲೂ ನಿಂತಿತು. ಅವನ ಮುಖದ ಬಣ್ಣ ಇಳಿಯುವುದನ್ನು ಸರ್ವೋತ್ತಮ ಕಣ್ಣು ಮಿಟುಕಿಸದೆ ನೋಡುತ್ತಿದ್ದ.

“ಇದು ಎಲ್ಲಿ ಸಿಕ್ಕಿತು ಸಾರ್?”

“ಜೋವಿನ್‌ನ ಲ್ಯಾಪ್‌ಟಾಪಿನಲ್ಲಿ. ಸಾಯುವ ಮುಂಚೆ ಬರೆದಿಟ್ಟ ಮಾತು.”

“ಅಲ್ಲ!” ರೂಪೇಶನ ಸ್ವರ ಒಡೆಯಿತು. “ಇದು ಜೋವಿನ್ ಬರೆದದ್ದಲ್ಲ. ಅವನು ಸತ್ತರೂ ಹೀಗೆ ಬರೀಲಿಕ್ಕಿಲ್ಲ.”

“ಹಾಗಾದರೆ ನೀನು ಬರೆದದ್ದಾ?”

“ನಾನಲ್ಲ. ಆದರೆ ಇದು ನನ್ನ ಪ್ರಿಪ್ರೊಸೆಸರಿನಿಂದ ಬಂದದ್ದು.”

ವಾರಿಜಾಳ ಕೈಯಲ್ಲಿದ್ದ ಮೀನು ಬುಟ್ಟಿಗೆ ಮರಳಿ ಬಿತ್ತು. ಹತ್ತಿರ ನಿಂತಿದ್ದ ಹೆಂಗಸು ಪಾತ್ರೆ ಎತ್ತಿಕೊಂಡು ಮೆಲ್ಲನೆ ಜಾಗ ಖಾಲಿ ಮಾಡಿದಳು.

“ಸರಿಯಾಗಿ ಬಿಡಿಸಿ ಹೇಳು,” ಎಂದ ಸರ್ವೋತ್ತಮ.

“ಮೊದಲ ವರ್ಷದಲ್ಲಿ ನಮ್ಮಿಬ್ಬರಿಗೆ ಒಂದು ಪಂದ್ಯ ಸಾರ್. ಈ ಭಾಷೆಗೆ ಯಾರು ಎಲ್ಲಕ್ಕಿಂತ ಚಿಕ್ಕ ಪ್ರಿಪ್ರೊಸೆಸರ್ ಬರೀತಾರೆ ಅಂತ. ಅವನದು ನಲವತ್ತು ಸಾಲು, ನನ್ನದು ಅರವತ್ತು. ಇಷ್ಟು ಸಲ ಕೂಡು ಅನ್ನುವ ಭಾಗ ಉಂಟಲ್ಲ, ಅದನ್ನು ನಾನು ಮನೆಯ ಅಭ್ಯಾಸದಲ್ಲಿ ಬರೆದೆ. ಎಣಿಸಿ ಮುಗಿದ ಮೇಲೆ ಇನ್ನೊಂದು ಹಾಕುವುದು. ಅದು ತಪ್ಪು ಅಂತ ನನಗೆ ಕಾಣಲೇ ಇಲ್ಲ! ಓಡಿಸಿದರೆ ಪ್ರತಿ ಅಕ್ಷರವೂ ಒಂದು ಮನೆ ಮುಂದೆ ಹೋಗಿ ಕೂತಿತ್ತು. ಜೋವಿನ್ ಹೊಟ್ಟೆ ಹಿಡಿದುಕೊಂಡು ನಗಾಡಿದ. ಬೇರಿನಿಂದ ಸರಿಮಾಡು ಅಂದ. ನನಗೆ ಉದಾಸೀನ. ಕೊನೆಗೆ ಒಂದು ಕಳೆ ಸೇರಿಸಿಬಿಟ್ಟೆ. ಹಾಕಿದ ಕೊಸರನ್ನು ವಾಪಸು ತೆಗೆದ ಹಾಗೆ.”

“ಕೊಟ್ಟ ಕೊಸರನ್ನು ಯಾರಾದರೂ ವಾಪಸು ತೆಗೀತಾರಾ?” ಎಂದು ವಾರಿಜಾ ತಡೆಯಲಾಗದೆ ಬೈದಳು. ಅಂಥ ಹೊತ್ತಿನಲ್ಲೂ ಅವಳಿಗೆ ಅದೇ ದೊಡ್ಡ ತಪ್ಪಾಗಿ ಕಂಡಿತ್ತು.

“ಜೋವಿನ್‌ಗೆ ಅದನ್ನು ನೋಡಿದರೆ ಮೈಯೆಲ್ಲ ಉರಿ ಅಮ್ಮ. ‘ಅಕ್ಷರಕ್ಕೆ ಎರಡು ಚಿಹ್ನೆ ದಂಡ’ ಅಂತಿದ್ದ. ಒಂದು ಚಿಹ್ನೆ ಉಳಿಸಲಿಕ್ಕೆ ಎರಡು ದಿನ ಊಟ ಬಿಟ್ಟು ಕೂರುವವ ಅವನು. ಇಲ್ಲಿ ನೋಡಿ ಸಾರ್, ಎನ್ ಆದ ಮೇಲೆ ಎ ಉಂಟು. ಅವನಾದರೆ ಅದೇ ಎಪ್ಪತ್ತೆಂಟರಿಂದ ಹದಿಮೂರು ಕಳೀತಿದ್ದ, ಮುಗಿಯಿತು. ಇದು ಪ್ರತಿ ಸಲ ಸೊನ್ನೆಯಿಂದ ಎಣಿಸಿದೆ. ಇದು ಅವನ ಕೈ ಅಲ್ಲವೇ ಅಲ್ಲ.”

ಸರ್ವೋತ್ತಮನಿಗೆ ಒಂದು ಗಳಿಗೆ ಎದೆ ಹಗುರಾಯಿತು. ಒಂಬತ್ತು ದಿನಗಳ ಮೇಲೆ ಮೊದಲ ಸಲ ಅವನಿಗೆ ಬರ್ತಾಬಾಯಿಯ ಮುಖ ನೆನೆದರೆ ಹೆದರಿಕೆಯಾಗಲಿಲ್ಲ. ನಿಮ್ಮ ಮಗ ಬರೆದದ್ದಲ್ಲ ಬಾಯಿ ಎಂದು ಹೇಳಬಹುದು. ನೀವು ಮಗನ ಬೇಸರ ಕಾಣದೆ ಹೋದ ತಾಯಿಯಲ್ಲ ಎಂದು ಹೇಳಬಹುದು.

ಆದರೆ ಮಗ ಬರೆಯಲಿಲ್ಲವೆಂದರೆ ಇನ್ನೊಬ್ಬರು ಬರೆದಿದ್ದಾರೆ. ಕೋರೆಯ ದಂಡೆಯಲ್ಲಿ ಜೋವಿನ್ ಒಬ್ಬನೇ ಇರಲಿಲ್ಲ. ಪೊಲೀಸು ಬುದ್ಧಿ ಮತ್ತೆ ಎದ್ದು ಕುಳಿತಿತು.

“ಪ್ರಿಪ್ರೊಸೆಸರ್ ನಿನ್ನದು, ಅಭ್ಯಾಸ ನಿನ್ನದು. ಹಾಗಾದರೆ ಕೈ ಮಾತ್ರ ಯಾರದೋ ಅಂತ ನಾನು ನಂಬಬೇಕಾ?”

ವಾರಿಜಾ ಎದ್ದು ನಿಂತಳು. “ಸಾರ್, ನನ್ನ ಮಗ ಅಂಥವನಲ್ಲ. ಇರುವೆ ಸತ್ತರೂ ಬೇಸರ ಮಾಡುವವ. ನಾನು ಹೆತ್ತವಳು ಹೇಳ್ತಿದ್ದೇನೆ.”

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಸರ್ವೋತ್ತಮ ಮನಸ್ಸಿನಲ್ಲೇ ಅಂದುಕೊಂಡ. ಮೂವತ್ತು ವರ್ಷದ ನೌಕರಿಯಲ್ಲಿ ಹೀಗೆ ಎದ್ದು ನಿಂತ ತಾಯಂದಿರನ್ನು, ಅಪ್ಪಂದಿರ‍ನ್ನು ಎಷ್ಟು ಕಂಡಿಲ್ಲ!

“ಜೋವಿನ್ ಸತ್ತದ್ದು ಮಂಗಳವಾರ,” ಎಂದ ರೂಪೇಶ್ ತಗ್ಗಿದ ಸ್ವರದಲ್ಲಿ. “ನಾನು ಅದರ ಹಿಂದಿನ ಗುರುವಾರವೇ ಮಲ್ಪೆ ಬಿಟ್ಟಿದ್ದೆ. ಬೋಟಿನಲ್ಲಿ ಮಾವನೂ ಸೇರಿ ಎಂಟು ಜನ ಇದ್ದೆವು. ಬಂದರಿನ ಪುಸ್ತಕದಲ್ಲಿ ಎಲ್ಲರ ಹೆಸರು ಉಂಟು. ಆ ನೀರಿನಲ್ಲಿ ಫೋನು ಬರೀ ಟಾರ್ಚಿಗೆ ಆಗ್ತದೆ.”

ಅದು ಗಟ್ಟಿ ಮಾತು. ಬಂದರಿನ ಪುಸ್ತಕವನ್ನು ಸರ್ವೋತ್ತಮ ಬರುವಾಗಲೇ ನೋಡಿಕೊಂಡು ಬಂದಿದ್ದ.

“ಹಾಗಾದರೆ ನಿನ್ನ ಪ್ರಿಪ್ರೊಸೆಸರ್ ಬೇರೆ ಯಾರ ಹತ್ತಿರ ಉಂಟು?”

“ಯಾರ ಹತ್ತಿರವೂ ಇಲ್ಲ.”

ಉತ್ತರ ತೀರಾ ಬೇಗ ಬಂತು. ರೂಪೇಶ್ ಹಾಳೆಯನ್ನು ವಾಪಸು ಚಾಚಿದ. ಸರ್ವೋತ್ತಮ ಜಗಲಿಯಲ್ಲಿ ಅವನ ಹತ್ತಿರಕ್ಕೆ ಸರಿದು ಕುಳಿತ. ಗದರಿಸುವುದನ್ನು ಬಿಟ್ಟ.

“ನೋಡು ಮಗಾ. ಸಂಜೆ ಐದಕ್ಕೆ ಫೈಲು ಮುಚ್ಚುತ್ತದೆ. ಬೆಳಿಗ್ಗೆ ಬರ್ತಾಬಾಯಿ ನನ್ನ ಹತ್ತಿರ ಒಂದು ಮಾತು ಕೇಳಿದರು. ಮಗನ ಬೇಸರ ಗೊತ್ತಾಗದ ನಾನು ಎಂತಹ ತಾಯಿ ಅಂತ. ಅವರು ಆಯುಷ್ಯ ಪೂರ್ತಿ ಹಾಗೇ ಕೇಳಿಕೊಳ್ತಾ ಇರಬೇಕಾ? ನಿನಗೆ ಹೆಸರು ಗೊತ್ತುಂಟು. ಹೇಳದಿದ್ದರೆ ನೀನೂ ಆ ಚೀಟಿಗೆ ಸಹಿ ಹಾಕಿದ ಹಾಗೆ.”

ರೂಪೇಶ್ ಅತ್ತ. ಮುಚ್ಚಿಡದೆ, ಸಣ್ಣ ಮಗುವಿನ ಹಾಗೆ ಅತ್ತ. ಬರ್ತಾಬಾಯಿ ಹಬ್ಬಕ್ಕೆ ಕರೆದು ಇಡ್ಲಿಯಂಥ ಸಾನ್ನ ಬಡಿಸುತ್ತಿದ್ದದ್ದು, ಜೋವಿನ್‌ನ ತಟ್ಟೆಗೆ ಎರಡು ಹಾಕಿದರೆ ತನ್ನ ತಟ್ಟೆಗೆ ಮೂರು ಹಾಕುತ್ತಿದ್ದದ್ದು, ಎಲ್ಲ ತುಂಡು ತುಂಡಾಗಿ ಹೊರಬಂತು. ವಾರಿಜಾ ಮೀನಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಮಗನ ಬೆನ್ನ ಮೇಲಿಟ್ಟಳು.

“ಹೇಳು ಮಗಾ. ಯಾರೇ ಆಗಿರಲಿ, ಹೇಳು.”

ರೂಪೇಶ್ ಕಣ್ಣೊರೆಸಿಕೊಂಡು ಸರ್ವೋತ್ತಮನನ್ನು ನೋಡಿದ. ಆ ನೋಟದಲ್ಲಿ ಹೆದರಿಕೆಯಿತ್ತು, ಜೊತೆಗೆ ಒಂದು ಬಗೆಯ ಕನಿಕರವೂ ಇತ್ತು. ಕನಿಕರ ಯಾಕೆಂದು ಸರ್ವೋತ್ತಮನಿಗೆ ಅರ್ಥವಾಗಲಿಲ್ಲ.

“ಸಾರ್, ನಾನು ಹೇಳಿದರೆ ನೀವು ಬರೆದುಕೊಳ್ತೀರಾ? ಯಾರ ಹೆಸರಾದರೂ?”

“ಬರೆದುಕೊಳ್ಳಲಿಕ್ಕೇ ಬಂದದ್ದು ಮಾರಾಯ.”

“ಹಾಗಾದರೆ ಮೊದಲು ಬರೀರಿ. ನನ್ನ ಪ್ರಿಪ್ರೊಸೆಸರಿನ ಕಾಪಿ ಒಬ್ಬರಿಗೆ ಮಾತ್ರ ಕೊಟ್ಟಿದ್ದೇನೆ, ಅವರ ಹೆಸರು ಇಂಥದ್ದು ಅಂತ. ಹೆಸರಿನ ಜಾಗ ಖಾಲಿ ಬಿಡಿ. ಈ ಹಾಳೆಯ ಬೆನ್ನಿಗೇ ಬರೀರಿ. ನಾನು ಸಹಿ ಹಾಕ್ತೇನೆ, ಅಮ್ಮ ಸಾಕ್ಷಿ. ಆಮೇಲೆ ಹೆಸರು ತೋರಿಸ್ತೇನೆ.”

ಪೊಲೀಸರಿಗೇ ಷರತ್ತು ಹಾಕುವ ಹುಡುಗ! ಬೇರೆ ದಿನವಾಗಿದ್ದರೆ ಸರ್ವೋತ್ತಮ ಎದ್ದು ಎರಡು ಬಿಡುತ್ತಿದ್ದ. ಇವತ್ತು ಗಡಿಯಾರ ನೋಡಿದ, ಮೂರೂಕಾಲು. ಮಸಿಯ ಹಾಳೆಯನ್ನು ಮಗುಚಿ, ಫೈಲಿನ ರಟ್ಟಿನ ಮೇಲಿಟ್ಟು ಬರೆದ. ರೂಪೇಶ್ ಒಮ್ಮೆ ಓದಿಕೊಂಡು ಸಹಿ ಹಾಕಿದ. ವಾರಿಜಾ ನಿಧಾನಕ್ಕೆ ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರು ಬರೆದಳು. ಕಾಗದಕ್ಕೆ ಮೀನಿನ ವಾಸನೆ ಹತ್ತಿತು.

“ಈಗ ತೋರಿಸು.”

ರೂಪೇಶ್ ಫೋನು ತೆರೆದು, ಹಿಂದೆ ಹಿಂದೆ ಸರಿಸಿ, ಒಂದು ಮೆಸೇಜಿನ ಹತ್ತಿರ ನಿಲ್ಲಿಸಿದ. ನವೆಂಬರ್ ತಿಂಗಳಿನದು.

‘ನಿನ್ನ ಪ್ರಿಪ್ರೊಸೆಸರ್ ಕಳಿಸ್ತೀಯಾ? ಪ್ರಾಜೆಕ್ಟಿಗೆ ಬೇಕು. ಜೋವಿನ್ ಅವನದ್ದು ಕೊಡುವುದಿಲ್ಲ ಅಂದ. ಅವನಿಗೆ ಹೇಳ್ಬೇಡ, ಪ್ಲೀಸ್.’

ಸರ್ವೋತ್ತಮ ಹೆಸರು ಓದುವ ಮುಂಚೆ ಚಿತ್ರ ನೋಡಿದ. ಹೆಸರಿನ ಪಕ್ಕದ ಸಣ್ಣ ವೃತ್ತದಲ್ಲಿ ಒಬ್ಬಳು ಹುಡುಗಿ, ಮಡಿಲಲ್ಲಿ ಹೆಲ್ಮೆಟ್ ಇಟ್ಟುಕೊಂಡು ಬೈಕಿನ ಮೇಲೆ ಕುಳಿತಿದ್ದಳು. ಹಿಂದೆ ಕಾಪುವಿನ ದೀಪಸ್ತಂಭ. ಆ ಬೈಕು ಈಗ ವಾರಿಜಾಳ ಅಂಗಳದ ಹೊರಗೆ ನಿಂತಿತ್ತು. ಆ ಚಿತ್ರ ತೆಗೆದದ್ದು ಹೋದ ದೀಪಾವಳಿಯ ಮರುದಿನ. ‘ಸೂರ್ಯ ಎದುರಿಗೆ ಇದ್ದಾನೆ ಪಪ್ಪಾ, ಸ್ವಲ್ಪ ಈಚೆ ಬನ್ನಿ’ ಎಂದು ಹೇಳಿ ಹೇಳಿ, ಮೂರನೆಯ ಸಲಕ್ಕೆ ಅವನ ಕೈಯಿಂದ ಸರಿಯಾಗಿ ಬಂದ ಚಿತ್ರ.

ಅವನಿಗೆ ಮೊದಲು ಸಿಟ್ಟು ಬಂತು. ಈ ಹುಡುಗ ಸುಳ್ಳು ಹೇಳುತ್ತಿದ್ದಾನೆ ಎಂದುಕೊಂಡ. ಆಮೇಲೆ ಮಡಿಲಲ್ಲಿದ್ದ ಎರಡು ಪ್ರಿಂಟುಗಳನ್ನು ನೋಡಿದ. ಒಂದೂವರೆ ಸಾಲು. ಅಪ್ಪನಿಗೆ ಸುಲಭವಾಗಲೆಂದು ತೆಗೆದದ್ದಲ್ಲ. ಯಾರೂ ಎಣಿಸಬಾರದೆಂದು ತೆಗೆದದ್ದು. ಊಟದ ಮೇಜಿನ ಮೇಲೆ ತಾನೇ ತಂದಿಟ್ಟ ಹಾಳೆಯಲ್ಲಿ ಅವಳು ಆ ಕಳೆ ಚಿಹ್ನೆಗಳನ್ನು ನೋಡಿ, ಮುಖದಲ್ಲಿ ಏನೂ ತೋರಿಸದೆ, ತನಗೆ ಇನ್ನೊಂದು ಚಪಾತಿ ಬಡಿಸಿದ್ದಳು.

ತನ್ನ ಮಗಳ ಮುಖ ನೋಡಿ ತನಗೂ ಗೊತ್ತಾಗಲಿಲ್ಲ.

“ಕೊಟ್ಟದ್ದು ತಪ್ಪಾಯ್ತಾ ಸಾರ್?” ಎಂದು ರೂಪೇಶ್ ಮೆಲ್ಲನೆ ಕೇಳಿದ.

ಸರ್ವೋತ್ತಮ ಪೆನ್ನು ಎತ್ತಿಕೊಂಡ. ಖಾಲಿ ಬಿಟ್ಟ ಜಾಗ ಹೆಬ್ಬೆರಳಿನಷ್ಟೇ ಅಗಲವಿತ್ತು. ಆ ಹೆಸರನ್ನು ಅವನು ಶಾಲೆಯ ಅರ್ಜಿಯಲ್ಲಿ, ರೇಷನ್ ಕಾರ್ಡಿನಲ್ಲಿ, ಕಾಲೇಜಿನ ಫಾರಮ್ಮಿನಲ್ಲಿ ಎಷ್ಟೋ ಸಲ ಬರೆದವನು. ಮೊದಲ ಅಕ್ಷರ ‘ಆ’ ಬರೆದ. ಮುಂದಕ್ಕೆ ಕೈ ಹೋಗಲಿಲ್ಲ.

ಅಷ್ಟರಲ್ಲಿ ಜೇಬಿನ ಫೋನು ಹೊಡೆದುಕೊಂಡಿತು. ಬರ್ತಾಬಾಯಿ.

“ಸಾರ್, ನಿಮಗೆ ತೊಂದರೆ ಕೊಡ್ತಿದ್ದೇನಾ?” ಹಿಂದೆ ಅದೇ ಫ್ಯಾನಿನ ಗರಗರ. “ನಿಮ್ಮ ಮಗಳು ಬಂದಿದ್ದಾಳೆ. ಪಾಪ, ಬಸ್ಸಿನಲ್ಲಿ ಬಂದು ನನ್ನ ಹತ್ತಿರ ಕೂತು ಅತ್ತಳು. ಒಳ್ಳೆಯ ಹುಡುಗಿ ಸಾರ್. ಜೋವಿನ್‌ನ ನೀಲಿ ರಟ್ಟಿನ ಪುಸ್ತಕ ಬೇಕಂತೆ. ಅವನು ಪ್ರೋಗ್ರಾಮೆಲ್ಲ ಪೆನ್ಸಿಲಿನಲ್ಲಿ ಬರೀತಿದ್ದನಲ್ಲ, ತಾರೀಕು ಹಾಕಿ, ಯಾರು ಬಂದರು, ಯಾರು ಕೇಳಿದರು ಅಂತ ಎಲ್ಲ? ಅದು. ಫೈಲಿಗೆ ಬೇಕು ಅಂತ ನೀವೇ ಕಳಿಸಿದ್ದಂತೆ. ನೀವು ಮೊದಲೇ ಹೇಳಿರಲಿಲ್ಲ, ಹಾಗೆ ಒಂದು ಮಾತು ಕೇಳುವ ಅಂತ. ಕೊಡ್ಲಾ?”

ಸರ್ವೋತ್ತಮ ಯಾರನ್ನೂ ಕಳುಹಿಸಿರಲಿಲ್ಲ. ಅಂಥ ಪುಸ್ತಕವೊಂದಿದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಕೊಡಿ ಎಂದರೆ ಮುಗಿಯಿತು. ಕಾಪುವಿನಿಂದ ಕಾರ್ಕಳ ತಲುಪಲು ಮುಕ್ಕಾಲು ಗಂಟೆ. ಅಷ್ಟರೊಳಗೆ ಪುಸ್ತಕ ಯಾವುದಾದರೂ ಬಾವಿಗೆ ಬಿದ್ದಿರುತ್ತದೆ, ಐದಕ್ಕೆ ಫೈಲು ಮುಚ್ಚುತ್ತದೆ, ರಾತ್ರಿ ಮನೆಯಲ್ಲಿ ಎಂದಿನ ಹಾಗೆ ಮೂರು ತಟ್ಟೆ ಇಡುತ್ತಾರೆ. ಜಗಲಿಯಲ್ಲಿ ವಾರಿಜಾ ಅವನನ್ನೇ ನೋಡುತ್ತಿದ್ದಳು. ಅವಳಿಗೆ ಏನೂ ಗೊತ್ತಿರಲಿಲ್ಲ. ಆದರೂ ಅವಳ ಕೈ ಮಗನ ಬೆನ್ನ ಮೇಲೇ ಇತ್ತು.

“ಕೊಡಬೇಡಿ ಬಾಯಿ,” ಎಂದ ಸರ್ವೋತ್ತಮ. ಸ್ವರ ಅವನದೆಂದು ಅವನಿಗೇ ಅನಿಸಲಿಲ್ಲ. “ಆ ಪುಸ್ತಕ ಯಾರ ಕೈಗೂ ಕೊಡಬೇಡಿ. ನನ್ನ ಮಗಳ ಕೈಗೂ ಕೊಡಬೇಡಿ.”

ಅತ್ತ ಫ್ಯಾನು ಗರಗರ ತಿರುಗುತ್ತಿತ್ತು. ಕೋಳಿಯೊಂದು ಕೊಕ್ಕರಿಸಿತು. ಆಗ ಅವನಿಗೆ ನೆನಪಾಯಿತು, ಫೋನು ಮೇಜಿನ ಮೇಲಿದೆ, ಸ್ಪೀಕರಿನಲ್ಲಿದೆ.

ಕುರ್ಚಿ ಹಿಂದಕ್ಕೆ ಸರಿದ ಸದ್ದು. ಆಮೇಲೆ, ತೀರಾ ಹತ್ತಿರದಿಂದ, ಅತ್ತು ಮುಗಿಸಿದ ಹುಡುಗಿಯ ಸಮಾಧಾನದ ಸ್ವರ.

“ಪಪ್ಪಾ, ಆ ಮಸಿ ಹಿಡಿದ ಪ್ರಿಂಟ್ ನೀವು ಎಸೆದಿಲ್ವಾ?”